‘ನಿಮಗೆ ಹೇಗೆ ಗೊತ್ತು?’: ಪೋಸ್ಟರ್ ಗೋಷ್ಠಿಯಲ್ಲಿ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿ

ಕಂಪ್ಯೂಟರ್ ವಿಜ್ಞಾನದ ಪದವಿ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ನಾಲ್ಕು ಜನರ ಮುಂದಿಡುವ ಸಂದರ್ಭಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನ. ಅಲ್ಲಿ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಒಂದಷ್ಟು ವೈರು, ಹಿಂದಿನ ಗೋಡೆಗೆ ಅಂಟಿಸಿದ ಹಾಳೆಗಳು ಇರುತ್ತವೆ. ಬಂದವರು ‘ಇದು ಏನು ಮಾಡುತ್ತದೆ?’ ಎಂದು ಕೇಳುತ್ತಾರೆ. ಇನ್ನೊಂದು, ಸಮ್ಮೇಳನವೊಂದರ ಅಂಗವಾಗಿ ನಡೆಯುವ ವಿದ್ಯಾರ್ಥಿ ಪೋಸ್ಟರ್ ಗೋಷ್ಠಿ. ಅಲ್ಲಿ ಒಂದು ಬೋರ್ಡು, ಅದರ ಮೇಲೆ ಒಂದೇ ದೊಡ್ಡ ಹಾಳೆ, ಪಕ್ಕದಲ್ಲಿ ವಿದ್ಯಾರ್ಥಿ. ಬಂದವರು ಕೇಳುವ ಪ್ರಶ್ನೆ ‘ಇದು ನಿಮಗೆ ಹೇಗೆ ಗೊತ್ತು?’ ಎಂಬುದು. ಮೊದಲ ಪ್ರಶ್ನೆಗೆ ಕಟ್ಟಿದ ವಸ್ತುವನ್ನು ತೋರಿಸಿದರೆ ಸಾಕು. ಎರಡನೆಯದಕ್ಕೆ ಪುರಾವೆ ಬೇಕು. ಮೊದಲ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ತಯಾರಿಸಿದ ಪೋಸ್ಟರನ್ನು ಎರಡನೆಯ ಸಭೆಗೆ ಒಯ್ಯುವುದರಿಂದಲೇ ನಮ್ಮ ವಿದ್ಯಾರ್ಥಿಗಳ ಬಹುಪಾಲು ತೊಂದರೆಗಳು ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದಲ್ಲಿ ಪ್ರದರ್ಶನದ ಪರಂಪರೆ ಹಳೆಯದು ಮತ್ತು ಗಟ್ಟಿಯಾದದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು 1977ರಿಂದ ವಿದ್ಯಾರ್ಥಿ ಯೋಜನೆಗಳಿಗೆ ನೆರವು ನೀಡುವ ಕಾರ್ಯಕ್ರಮವನ್ನು ನಡೆಸುತ್ತ ಬಂದಿದ್ದು, ಆಯ್ಕೆಯಾದ ಯೋಜನೆಗಳು ವಿಚಾರಗೋಷ್ಠಿ ಮತ್ತು ಪ್ರದರ್ಶನದಲ್ಲಿ ಕಾಣಿಸಿಕೊಳ್ಳುತ್ತವೆ. ಇನ್ನೊಂದು ಪರಂಪರೆ ಅಂತರರಾಷ್ಟ್ರೀಯ ಸಮ್ಮೇಳನಗಳದು. ಕಂಪ್ಯೂಟರ್ ವಿಜ್ಞಾನಿಗಳ ಸಂಘಟನೆಯಾದ ಎಸಿಎಂ ನಡೆಸುವ ವಿದ್ಯಾರ್ಥಿ ಸಂಶೋಧನಾ ಸ್ಪರ್ಧೆ ಇದಕ್ಕೆ ಒಳ್ಳೆಯ ಮಾದರಿ. ಅಲ್ಲಿ ಮೊದಲು ಸಾರಾಂಶವನ್ನು ಕಳುಹಿಸಬೇಕು; ಒಪ್ಪಿಗೆಯಾದವರು ಸಮ್ಮೇಳನದಲ್ಲಿ ಪೋಸ್ಟರ್ ಹಿಡಿದು ನಿಲ್ಲಬೇಕು; ಪೋಸ್ಟರ್ ಸುತ್ತಿನಲ್ಲಿ ಆಯ್ಕೆಯಾದ ಕೆಲವರು ಮಾತ್ರ ವೇದಿಕೆಯ ಮೇಲೆ ಕಿರು ಉಪನ್ಯಾಸ ಕೊಡಬೇಕು. ಪದವಿ ವಿದ್ಯಾರ್ಥಿಗಳನ್ನೂ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ಬೇರೆ ಬೇರೆಯಾಗಿ ತೂಗಿ, ಪ್ರತಿ ವಿಭಾಗದ ಮೊದಲ ಮೂವರಿಗೆ 500, 300 ಮತ್ತು 200 ಡಾಲರ್ ಬಹುಮಾನ ಕೊಡುತ್ತಾರೆ; ಮೊದಲ ಸ್ಥಾನ ಪಡೆದವರು ವರ್ಷದ ಅಂತಿಮ ಸುತ್ತಿಗೆ ಹೋಗುತ್ತಾರೆ. ಬಹುಮಾನದ ಮೊತ್ತಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ವೇದಿಕೆಯವರೆಗೆ ತಲಪುವ ದಾರಿ ಪೋಸ್ಟರಿನ ಮುಂದೆ ನಡೆಯುವ ಮಾತುಕತೆಯ ಮೂಲಕವೇ ಹಾದುಹೋಗುತ್ತದೆ ಎಂಬುದು.

ಪೋಸ್ಟರ್ ಎಂಬ ರೂಪ ಕಂಪ್ಯೂಟರ್ ವಿಜ್ಞಾನದಲ್ಲಿ ಹುಟ್ಟಿದ್ದಲ್ಲ. 1969ರಲ್ಲಿ ಯುರೋಪಿನ ಜೀವರಸಾಯನ ವಿಜ್ಞಾನಿಗಳ ಸಭೆಯಲ್ಲಿ ಅದು ಕಾಣಿಸಿಕೊಂಡು, ಬಳಿಕ ಇತರ ವಿಜ್ಞಾನಗಳಿಗೂ ಹರಡಿತು. ಮಂಡನೆಗೆ ಬಂದ ಪ್ರಬಂಧಗಳು ಹೆಚ್ಚು, ಉಪನ್ಯಾಸದ ಕೊಠಡಿಗಳೂ ಗಂಟೆಗಳೂ ಕಡಿಮೆ ಎಂಬ ಒತ್ತಡಕ್ಕೆ ಅದೊಂದು ಪರಿಹಾರವಾಗಿತ್ತು. ಆದರೆ ಅದರ ನಿಜವಾದ ಗುಣ ಬೇರೊಂದು ಕಡೆ ಇದೆ. ಉಪನ್ಯಾಸದಲ್ಲಿ ಕೇಳುಗರು ಕೊನೆಯವರೆಗೆ ಕಾದು, ಕೈಯೆತ್ತಿ, ಒಂದು ಪ್ರಶ್ನೆ ಕೇಳಬಹುದು. ಪೋಸ್ಟರಿನ ಮುಂದೆ ಮೂರನೆಯ ವಾಕ್ಯಕ್ಕೇ ತಡೆದು ‘ಅಲ್ಲೇ ನಿಲ್ಲಿ, ಆ ಸಂಖ್ಯೆ ಎಲ್ಲಿಂದ ಬಂತು?’ ಎನ್ನಬಹುದು. ಆದ್ದರಿಂದ ಪೋಸ್ಟರನ್ನು ಹಿಗ್ಗಿಸಿದ ವರದಿಯೆಂದೋ ಸ್ಲೈಡುಗಳ ಜೋಡಣೆಯೆಂದೋ ಭಾವಿಸಿದರೆ ಅದರ ಉಪಯೋಗವೇ ಕೈತಪ್ಪುತ್ತದೆ. ಅಡ್ಡಬಂದು ಕೇಳುವ ಅವಕಾಶವೇ ಅದರ ಬೆಲೆ, ಮತ್ತು ಅದರ ಪ್ರತಿಯೊಂದು ಭಾಗವನ್ನೂ ಅಂಥ ಪ್ರಶ್ನೆಗೆ ಉತ್ತರ ಕೊಡುವಾಗ ಬೆರಳಿಟ್ಟು ತೋರಿಸುವುದಕ್ಕಾಗಿ ರೂಪಿಸಬೇಕು.

ಇದನ್ನು ಒಂದು ಉದಾಹರಣೆಯ ಮೂಲಕ ನೋಡುವುದು ಒಳ್ಳೆಯದು. ಕೈಬರಹದ ಅಂಕಿಗಳನ್ನು ಗುರುತಿಸುವುದು ಯಂತ್ರಕಲಿಕೆಯ, ಅಂದರೆ ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನದ, ಪಾಠಗಳಲ್ಲಿ ಎಲ್ಲರೂ ಮೊದಲು ಮಾಡುವ ಅಭ್ಯಾಸ. ಇಂಗ್ಲಿಷ್ ಬರಹದಲ್ಲಿ ಬಳಸುವ ಅಂಕಿಗಳಿಗೆ ಎಂನಿಸ್ಟ್ ಎಂಬ ಪ್ರಸಿದ್ಧ ದತ್ತಾಂಶವಿರುವಂತೆ, ಕನ್ನಡದ ೦ಯಿಂದ ೯ರವರೆಗಿನ ಅಂಕಿಗಳಿಗೆ ‘ಕನ್ನಡ-ಎಂನಿಸ್ಟ್’ ಎಂಬುದನ್ನು ವಿನಯ್ ಉದಯ್ ಪ್ರಭು ಅವರು 2019ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದರು. ಅದರಲ್ಲಿ ತರಬೇತಿಗೆ 60,000, ಪರೀಕ್ಷೆಗೆ 10,000 ಚಿತ್ರಗಳಿವೆ. ಒಂದೊಂದೂ 28 × 28 ಚುಕ್ಕಿಗಳಷ್ಟು ಚಿಕ್ಕದು. ಇವುಗಳ ಜೊತೆಗೆ ‘ಡಿಗ್-ಎಂನಿಸ್ಟ್’ ಎಂಬ 10,240 ಚಿತ್ರಗಳ ಇನ್ನೊಂದು ಗುಂಪೂ ಇದೆ. ಇದನ್ನು ಬರೆದವರು ಕನ್ನಡ ಲಿಪಿಯ ರೂಢಿಯಿಲ್ಲದವರು. ಬರೆದ ಹಾಳೆಯ ಅಳತೆಯೂ ಸ್ಕ್ಯಾನರಿನ ಹೊಂದಿಕೆಯೂ ಬೇರೆ. ಒಂದು ಸಾಧಾರಣ ನರಜಾಲ ಮಾದರಿಯನ್ನು (ಪದರ ಪದರವಾಗಿ ಲೆಕ್ಕ ಮಾಡಿ ಕಲಿಯುವ ಪ್ರೋಗ್ರಾಮನ್ನು) ಮೊದಲ ಗುಂಪಿನ ಮೇಲೆ ತರಬೇತುಗೊಳಿಸಿದಾಗ ಅದರ ಪರೀಕ್ಷಾ ಚಿತ್ರಗಳಲ್ಲಿ ಶೇ 96.8 ನಿಖರತೆ ಬಂತೆಂದೂ, ಅದೇ ಮಾದರಿ ಡಿಗ್-ಎಂನಿಸ್ಟ್‌ನಲ್ಲಿ ಶೇ 76.1ಕ್ಕೆ ಇಳಿಯಿತೆಂದೂ ಮೂಲ ಪ್ರಬಂಧವೇ ಹೇಳುತ್ತದೆ.

ಈ ದತ್ತಾಂಶವನ್ನು ಹಿಡಿದು ಹೊರಟ ವಿದ್ಯಾರ್ಥಿಗಳ ತಂಡವೊಂದು ಬರೆಯಬಹುದಾದ ಎರಡು ಶೀರ್ಷಿಕೆಗಳನ್ನು ಪಕ್ಕಪಕ್ಕದಲ್ಲಿಡೋಣ. ‘ಆಳ ಕಲಿಕೆಯಿಂದ ಕನ್ನಡ ಕೈಬರಹದ ಅಂಕಿಗಳ ಗುರುತಿಸುವಿಕೆ’ ಎಂಬುದು ಒಂದು. ‘ಅಂಕಿ ಓದುವ ಮಾದರಿ ಹೊಸ ಹಾಳೆಯಲ್ಲಿ ಎಡವುವುದು ಬರೆದ ಕೈಯಿಂದಲೋ, ಸ್ಕ್ಯಾನರಿನಿಂದಲೋ?’ ಎಂಬುದು ಇನ್ನೊಂದು. ಮೊದಲನೆಯದು ಮಾಡಿದ ಕೆಲಸದ ಹೆಸರು. ಅದರಲ್ಲಿ ಪ್ರಶ್ನೆಯಿಲ್ಲ, ಹಾಗಾಗಿ ಉತ್ತರಕ್ಕೂ ಜಾಗವಿಲ್ಲ. ಎರಡನೆಯದು ಎರಡು ಕಾರಣಗಳು ಬೆರೆತುಹೋಗಿರುವ ಒಂದು ಸ್ಥಳವನ್ನು ಗುರುತಿಸಿ, ಅವನ್ನು ಬೇರ್ಪಡಿಸಲು ಹೊರಟಿದೆ. ಬೇರ್ಪಡಿಸುವ ಉಪಾಯವೂ ಪದವಿ ವಿದ್ಯಾರ್ಥಿಯ ಕೈಗೆ ನಿಲುಕುವಂಥದ್ದು. ಮೂಲ ಸ್ಕ್ಯಾನ್ ಚಿತ್ರಗಳನ್ನೂ ಸ್ಕ್ಯಾನರಿನ ಹೊಂದಿಕೆಗಳನ್ನೂ ಪ್ರಕಟಿಸಿರುವುದರಿಂದ, ಮೊದಲ ಗುಂಪಿನ ಪರೀಕ್ಷಾ ಚಿತ್ರಗಳ ಗೆರೆಯ ದಪ್ಪ, ಕಪ್ಪಿನ ಗಾಢತೆ ಮತ್ತು ಕಲೆಗಳನ್ನು ಎರಡನೆಯ ಗುಂಪಿಗೆ ಹೋಲುವಂತೆ ಮಾರ್ಪಡಿಸಿ ನೋಡಬಹುದು. ಬರೆದ ಕೈ ಅದೇ, ಸ್ಕ್ಯಾನಿನ ಲಕ್ಷಣ ಮಾತ್ರ ಬದಲು. ಆಗ ನಿಖರತೆ ಎಷ್ಟು ಇಳಿಯುತ್ತದೋ ಅಷ್ಟನ್ನು ಸ್ಕ್ಯಾನಿಂಗಿನ ಲೆಕ್ಕಕ್ಕೆ ಬರೆಯಬಹುದು. ಫಲಿತಾಂಶ ‘ಏನೂ ಇಳಿಯಲಿಲ್ಲ’ ಎಂದು ಬಂದರೂ ಅದು ಪೋಸ್ಟರಿಗೆ ತಕ್ಕ ವಿಷಯವೇ, ಏಕೆಂದರೆ ಸ್ಕ್ಯಾನರಿನ ಮೇಲಿದ್ದ ಅನುಮಾನ ದೂರವಾಗಿ ಬರೆದ ಕೈಯ ಕಡೆಗೆ ಹುಡುಕಾಟ ತಿರುಗುತ್ತದೆ.

ಮೊದಲ ಶೀರ್ಷಿಕೆಯ ತಂಡಕ್ಕೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅವರು ಪದರಗಳನ್ನು ಹೆಚ್ಚಿಸಿ, ತಿಂಗಳುಗಟ್ಟಲೆ ದುಡಿದು ಶೇ 97.0 ತಲಪಿದರು ಎಂದಿಟ್ಟುಕೊಳ್ಳೋಣ. ಪೋಸ್ಟರಿನಲ್ಲಿ ಕಂಬಚಿತ್ರವೊಂದು ಇರುತ್ತದೆ. ಅದರ ಲಂಬ ಅಕ್ಷ ಸೊನ್ನೆಯಿಂದಲ್ಲದೆ 96.5ರಿಂದ ಆರಂಭವಾಗುವುದರಿಂದ ಅವರ ಕಂಬ ಹಳೆಯದರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು ಎತ್ತರ ಕಾಣುತ್ತದೆ. ಅನುಭವಸ್ಥರು ಬಂದು ಮಾಡುವ ಲೆಕ್ಕ ಇಷ್ಟೇ: 10,000 ಚಿತ್ರಗಳಲ್ಲಿ ಶೇ 96.8 ಎಂದರೆ ತಪ್ಪಾದದ್ದು 320, ಶೇ 97.0 ಎಂದರೆ 300; ವ್ಯತ್ಯಾಸ ಇಪ್ಪತ್ತು ಚಿತ್ರಗಳು. ಸರಿಯಾದದ್ದರ ಪ್ರಮಾಣ 0.968ನ್ನು ತಪ್ಪಾದದ್ದರ ಪ್ರಮಾಣ 0.032ರಿಂದ ಗುಣಿಸಿ, 10,000ದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.0018 ಬರುತ್ತದೆ, ಅದರ ಇಮ್ಮಡಿಯಷ್ಟು, ಅಂದರೆ ಅತ್ತಿತ್ತ ಶೇ 0.35ರಷ್ಟು, ಚಿತ್ರಗಳ ಆಯ್ಕೆಯ ಆಕಸ್ಮಿಕದಿಂದಲೇ ಏರುಪೇರಾಗಬಹುದು. ಇದು ಸ್ಥೂಲ ಲೆಕ್ಕ. ಎರಡೂ ಮಾದರಿಗಳನ್ನು ಅವೇ ಚಿತ್ರಗಳ ಮೇಲೆ ಓಡಿಸಿದ್ದರೆ, ಒಂದು ಸರಿಯಾಗಿ ಓದಿ ಇನ್ನೊಂದು ತಪ್ಪಿದ ಚಿತ್ರಗಳನ್ನಷ್ಟೇ ಎಣಿಸಿ ಇನ್ನೂ ಸೂಕ್ಷ್ಮವಾಗಿ ಹೋಲಿಸಬಹುದು. ಆದರೆ ಯಾವ ಲೆಕ್ಕವನ್ನೂ ಮಾಡದೆ ನಿಂತವರಿಗೆ ‘0.2 ಹೆಚ್ಚಾಗಿದೆ ಸರ್’ ಎನ್ನುವುದನ್ನು ಬಿಟ್ಟು ಬೇರೆ ಮಾತಿರುವುದಿಲ್ಲ. ಅತ್ತ 96.8ಕ್ಕೂ 76.1ಕ್ಕೂ ನಡುವಿನ ಅಂತರ ಇಂಥ ಅನುಮಾನಕ್ಕೆ ಆಸ್ಪದವಿಲ್ಲದಷ್ಟು ದೊಡ್ಡದು. ಅಲ್ಲಿ ತಪ್ಪಾದ ಚಿತ್ರಗಳು ಸುಮಾರು 2,450. ಆಕಸ್ಮಿಕದ ಪಾಲು ಶೇ 0.84ರ ಆಸುಪಾಸು. ಎಲ್ಲಿ ನಿಂತರೆ ಕಾಲಡಿ ನೆಲ ಗಟ್ಟಿಯಿರುತ್ತದೆ ಎಂಬುದನ್ನು ವಿದ್ಯಾರ್ಥಿ ಪೋಸ್ಟರ್ ಬರೆಯುವ ಮೊದಲೇ ಈ ಬಗೆಯ ಅಂಕಗಣಿತದಿಂದ ತಿಳಿದುಕೊಳ್ಳಬಹುದು.

ಲೆಕ್ಕದ ಜೊತೆಗೆ ಇನ್ನೆರಡು ಪ್ರಶ್ನೆಗಳು ಬಂದೇ ಬರುತ್ತವೆ. ತರಬೇತಿಯನ್ನು ಎಷ್ಟು ಸಲ ಓಡಿಸಿದಿರಿ? ನರಜಾಲದ ತೂಕಗಳು, ಅಂದರೆ ಕಲಿಯುತ್ತ ಅದು ತಿದ್ದಿಕೊಳ್ಳುವ ಸಂಖ್ಯೆಗಳು, ಯಾದೃಚ್ಛಿಕ ಸಂಖ್ಯೆಗಳಿಂದ ಆರಂಭವಾಗುವುದರಿಂದ ಪ್ರತಿ ಸಲವೂ ಫಲಿತಾಂಶ ಸ್ವಲ್ಪ ಬೇರೆಯಾಗುತ್ತದೆ. ಐದು ಸಲ ಓಡಿಸಿ ಸರಾಸರಿಯನ್ನೂ ಹರಡುವಿಕೆಯನ್ನೂ ಕೊಟ್ಟವರ ಮಾತಿಗೆ, ಚೆನ್ನಾಗಿ ಬಂದ ಒಂದನ್ನು ಆರಿಸಿ ಕೊಟ್ಟವರ ಮಾತಿಗಿಂತ ತೂಕ ಹೆಚ್ಚು. ಎರಡನೆಯದು, ಒಬ್ಬರೇ ಬರೆದ ಅಂಕಿಗಳು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡಿಲ್ಲ ತಾನೆ? ತಾವೇ ದತ್ತಾಂಶ ಸಂಗ್ರಹಿಸಿ, ಎಲ್ಲವನ್ನೂ ಕಲಸಿ, ಶೇ 80ನ್ನು ತರಬೇತಿಗೂ ಉಳಿದದ್ದನ್ನು ಪರೀಕ್ಷೆಗೂ ಇಟ್ಟ ತಂಡಗಳು ಇಲ್ಲಿ ಸಿಕ್ಕಿಬೀಳುತ್ತವೆ. ಮಾದರಿ ಅಂಕಿಯನ್ನು ಕಲಿಯುವ ಜೊತೆಗೆ ಬರೆದವರ ಕೈಯನ್ನೂ ಕಲಿತಿರುತ್ತದೆ, ಹಾಗಾಗಿ ಹೊಸಬರೊಬ್ಬರು ಬರೆದುಕೊಟ್ಟಾಗ ಸೋಲುತ್ತದೆ. ಕಾಲೇಜಿನ ಪ್ರಯೋಗಾಲಯದಲ್ಲಿ ಶೇ 99 ಬಂದ ಎಷ್ಟೋ ಕೆಲಸಗಳ ಗುಟ್ಟು ಇದೇ.

ಇನ್ನು ಹಾಳೆಯ ವಿಷಯ. ಸಾಮಾನ್ಯವಾಗಿ ಬಳಕೆಯಲ್ಲಿರುವ ಎ0 ಅಳತೆ 841 × 1189 ಮಿಲಿಮೀಟರ್. ಅದರೊಳಗೆ ಹದಿನಾರು ಎ4 ಹಾಳೆಗಳು ಸರಿಯಾಗಿ ಕೂರುತ್ತವೆ, ಮತ್ತು ಅನೇಕ ಪೋಸ್ಟರುಗಳು ಹಾಳಾಗುವುದು ಈ ಸೌಕರ್ಯದಿಂದಲೇ: ಸಿನಾಪ್ಸಿಸ್‌ನಿಂದ (ಯೋಜನೆಯ ಸಾರಾಂಶದಿಂದ) ನಾಲ್ಕು ಪುಟ, ವರದಿಯಿಂದ ಎಂಟು ಪುಟ, ಒಂದೆರಡು ಸ್ಕ್ರೀನ್‌ಶಾಟ್ ಸೇರಿಸಿದರೆ ಗೋಡೆ ತುಂಬುತ್ತದೆ. ಅದೇ ಅಳತೆಯನ್ನು ತಿರುಗಿಸಿ ಉಪಯೋಗಕ್ಕೂ ತಂದುಕೊಳ್ಳಬಹುದು. ಎ0ಯನ್ನು ಎ4ಕ್ಕೆ ಇಳಿಸಿದರೆ ಅಗಲ ಮತ್ತು ಎತ್ತರ ಎರಡೂ ಕಾಲುಭಾಗವಾಗುತ್ತವೆ. ಪೋಸ್ಟರಿನಲ್ಲಿ 24 ಪಾಯಿಂಟ್ ಇದ್ದ ಅಕ್ಷರ ಎ4 ಪ್ರತಿಯಲ್ಲಿ 6 ಪಾಯಿಂಟ್ ಆಗುತ್ತದೆ. ಆ ಪ್ರತಿಯನ್ನು ಕಣ್ಣಿಂದ 40 ಸೆಂಟಿಮೀಟರ್ ದೂರದಲ್ಲಿ ಹಿಡಿದು ಓದುವುದಕ್ಕೂ ಪೋಸ್ಟರನ್ನು 160 ಸೆಂಟಿಮೀಟರ್ ದೂರದಿಂದ ಓದುವುದಕ್ಕೂ ವ್ಯತ್ಯಾಸವಿಲ್ಲ. ಗುಂಪಿನ ಹಿಂದಿನ ಸಾಲಿನಲ್ಲಿ ನಿಂತವರ ದೂರ ಹೆಚ್ಚುಕಡಿಮೆ ಅಷ್ಟೇ. ಅಂಗಡಿಗೆ ಹೋಗುವ ಮೊದಲು ಎರಡು ರೂಪಾಯಿಯ ಒಂದು ಎ4 ಪ್ರಿಂಟ್ ತೆಗೆದು, ವಿಷಯ ಗೊತ್ತಿಲ್ಲದ ಗೆಳೆಯರೊಬ್ಬರ ಕೈಗೆ ಕೊಟ್ಟರೆ, ಯಾವ ಭಾಗ ದಂಡವೆಂಬುದು ಅವರ ಮುಖದಲ್ಲೇ ಗೊತ್ತಾಗುತ್ತದೆ.

ಪೋಸ್ಟರಿನ ನಡುಭಾಗದಲ್ಲಿ ಮುಖ್ಯ ತೀರ್ಮಾನವನ್ನು ಒಂದೇ ಸರಳ ವಾಕ್ಯವಾಗಿ ದೊಡ್ಡ ಅಕ್ಷರಗಳಲ್ಲಿ ಬರೆದು, ವಿವರಗಳನ್ನು ಅಂಚಿಗೆ ಸರಿಸಿ, ಪೂರ್ಣ ಪ್ರಬಂಧಕ್ಕೆ ಕ್ಯೂಆರ್ ಕೋಡ್ ಕೊಡುವ ವಿನ್ಯಾಸವನ್ನು ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಮೈಕ್ ಮಾರಿಸನ್ 2019ರಲ್ಲಿ ಪ್ರಚಾರಕ್ಕೆ ತಂದರು. ದೂರದಿಂದ ಹಾದುಹೋಗುವವರಿಗೆ ಅದು ಅನುಕೂಲ. ಆದರೆ ಕಂಪ್ಯೂಟರ್ ವಿಜ್ಞಾನದ ಪೋಸ್ಟರಿಗೆ ಅದನ್ನು ಹಾಗೆಯೇ ಎತ್ತಿಕೊಳ್ಳಲು ನನಗೆ ಹಿಂಜರಿಕೆಯಿದೆ, ಏಕೆಂದರೆ ‘ಹೇಗೆ ಗೊತ್ತು?’ ಎಂದು ಕೇಳಿದಾಗ ಬೆರಳಿಡಬೇಕಾದ ಚಿತ್ರ ಅಂಚಿನಲ್ಲಿ ಅಂಗೈಯಗಲಕ್ಕೆ ಕುಗ್ಗಿರುತ್ತದೆ. ವಾಕ್ಯವನ್ನು ಮೇಲೆ ಶೀರ್ಷಿಕೆಯ ಜಾಗದಲ್ಲೇ ಇಟ್ಟು, ನಡುಭಾಗವನ್ನು ಪುರಾವೆಯ ಚಿತ್ರಕ್ಕೆ ಬಿಡುವುದು ಮೇಲು. ನಮ್ಮ ಉದಾಹರಣೆಯಲ್ಲಿ ಆ ಚಿತ್ರ ಯಾವುದು? ಮಾರ್ಪಡಿಸುವ ಮೊದಲಿನ ಮತ್ತು ನಂತರದ ಅಂಕಿಗಳ ಎರಡು ಸಾಲು, ಅವುಗಳ ಕೆಳಗೆ ಯಾವ ಅಂಕಿಯನ್ನು ಯಾವುದೆಂದು ಎಷ್ಟು ಸಲ ತಪ್ಪಾಗಿ ಓದಿತು ಎಂಬ 10 × 10 ಕೋಷ್ಟಕ. ೩ ಮತ್ತು ೭, ೬ ಮತ್ತು ೯ ಕೈಬರಹದಲ್ಲಿ ಎಷ್ಟು ಹತ್ತಿರ ಬರುತ್ತವೆ ಎಂಬುದು ಕನ್ನಡ ಬಲ್ಲ ಯಾರಿಗೂ ಗೊತ್ತಿರುವುದರಿಂದ, ಅವರು ತಮಗೆ ತಾವೇ ಕೋಷ್ಟಕದ ಆ ಮನೆಗಳ ಕಡೆ ಕಣ್ಣು ಹಾಯಿಸುತ್ತಾರೆ. 28 ಚುಕ್ಕಿಯ ಚಿತ್ರವನ್ನು ದೊಡ್ಡದು ಮಾಡುವಾಗ ಅಂಚುಗಳನ್ನು ನುಣುಪು ಮಾಡದೆ ಚೌಕಗಳನ್ನು ಹಾಗೆಯೇ ಬಿಡಬೇಕು. ಯಂತ್ರಕ್ಕೆ ಕಂಡದ್ದು ಆ ಚೌಕಗಳೇ ಹೊರತು ನಮ್ಮ ಕಣ್ಣಿಗೆ ಹಿತವಾಗುವ ಗೆರೆಯಲ್ಲ. ಕೆಂಪು ಮತ್ತು ಹಸಿರಿನ ವ್ಯತ್ಯಾಸವನ್ನೇ ನಂಬಿದ ನಕ್ಷೆ ಕೆಲವು ಗಂಡಸರ ಕಣ್ಣಿಗೆ ಒಂದೇ ಬಣ್ಣವಾಗಿ ಕಾಣುವುದರಿಂದ, ತಿಳಿಯಿಂದ ಗಾಢಕ್ಕೆ ಹೋಗುವ ಒಂದೇ ಬಣ್ಣ ಸಾಕು.

ಮುದ್ರಣದ ಅಂಗಡಿಯಲ್ಲಿ ಕನ್ನಡಕ್ಕೆ ಬೇರೆಯೇ ಗಂಡಾಂತರವಿದೆ. ಕಡತವನ್ನು ಅಂಗಡಿಯವರು ಕೋರೆಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ತೆರೆದಾಗ ಅವರಲ್ಲಿ ಆ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಕೂರುತ್ತವೆ. ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಸಂಕೇತದಲ್ಲಿ ಟೈಪ್ ಮಾಡಿದ್ದು, ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಲ್ಲದ ಕಾರಣ, ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಬರಬಹುದು. ನಾಲ್ಕು ಅಡಿಯ ಹಾಳೆಯಲ್ಲಿ ‘ಸ್ಕ್ಯಾನಿಂಗ್’ ಎಂಬ ಪದ ಮೂರು ತುಂಡಾಗಿ ಅಚ್ಚಾದುದನ್ನು ನಾನೇ ಕಂಡಿದ್ದೇನೆ, ಅದೂ ಉದ್ಘಾಟನೆಯ ದಿನ ಬೆಳಿಗ್ಗೆ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಡಬೇಕು, ಅಂಗಡಿಯ ಪರದೆಯಲ್ಲಿ ಅದನ್ನು ಪೂರ್ತಿ ಓದಿದ ಮೇಲೆಯೇ ಒಪ್ಪಿಗೆ ಕೊಡಬೇಕು. ಫ್ಲೆಕ್ಸ್ ಅಗ್ಗ, ಮಳೆಗೂ ಹೆದರದು. ಆದರೆ ಟ್ಯೂಬ್‌ಲೈಟಿನ ಕೆಳಗೆ ಹೊಳೆದು, ನಕ್ಷೆಯ ಮೇಲೆಯೇ ಬಿಳಿ ಪಟ್ಟಿ ಬೀಳುತ್ತದೆ.

ಪೋಸ್ಟರಿನ ಪಕ್ಕ ನಿಂತವರು ಆಡುವ ಮೊದಲ ಮಾತು ಒಂದು ನಿಮಿಷ ಮೀರಬಾರದು. ನಮ್ಮ ಉದಾಹರಣೆಯ ವಿದ್ಯಾರ್ಥಿನಿ ಹೀಗೆ ಆರಂಭಿಸಬಹುದು: ‘ಕನ್ನಡ ಅಂಕಿ ಓದುವ ಮಾದರಿ ಒಂದು ಪರೀಕ್ಷೆಯಲ್ಲಿ ನೂರಕ್ಕೆ 97ರಷ್ಟು ಸರಿ ಓದುತ್ತೆ, ಇನ್ನೊಂದರಲ್ಲಿ 76ಕ್ಕೆ ಇಳಿಯುತ್ತೆ ಮೇಡಂ. ಎರಡನೆಯದರಲ್ಲಿ ಬರೆದವರೂ ಬೇರೆ, ಸ್ಕ್ಯಾನ್ ಮಾಡಿದ ರೀತಿಯೂ ಬೇರೆ. ನಷ್ಟದಲ್ಲಿ ಸ್ಕ್ಯಾನಿನ ಪಾಲೆಷ್ಟು ಅಂತ ಬೇರ್ಪಡಿಸೋಕೆ ಪ್ರಯತ್ನಿಸಿದ್ದೀನಿ. ಈ ಎರಡು ಸಾಲು ನೋಡಿ.’ ಇಷ್ಟು ಹೇಳಿ ಸುಮ್ಮನಾದರೆ ಎದುರಿನವರು ಮಾತನಾಡುತ್ತಾರೆ, ಮತ್ತು ಅವರ ಮೊದಲ ಪ್ರಶ್ನೆಯಿಂದಲೇ ಅವರು ಯಂತ್ರಕಲಿಕೆ ಬಲ್ಲವರೋ, ಜಾಲಬಂಧ ಕಲಿಸುವವರೋ, ಮಗನ ಕಾಲೇಜು ನೋಡಲು ಬಂದವರೋ ಎಂಬುದು ತಿಳಿಯುತ್ತದೆ. ಬಾಯಿಪಾಠ ಮಾಡಿದ ಐದು ನಿಮಿಷದ ಭಾಷಣಕ್ಕೆ ಈ ವಿವೇಚನೆ ಇರುವುದಿಲ್ಲ. ಮಧ್ಯೆ ತಡೆದರೆ ಮತ್ತೆ ‘ನಮ್ಮ ಪ್ರಾಜೆಕ್ಟಿನ ಹೆಸರು’ ಎಂಬಲ್ಲಿಂದಲೇ ಶುರುವಾಗುತ್ತದೆ.

ನಾಲ್ವರ ತಂಡವಾದರೆ ಒಂದು ತೊಡಕು ಹೆಚ್ಚು. ಎಸಿಎಂ ಸ್ಪರ್ಧೆಯಲ್ಲಿ ಪದವಿ ವಿದ್ಯಾರ್ಥಿಗಳ ತಂಡದಿಂದ ಒಬ್ಬರೇ ಮಂಡಿಸಬೇಕು. ಹಾಗಾಗಿ ಕೋಡ್ ಬರೆದವರು ಒಬ್ಬರು, ಮಾತು ಬಲ್ಲವರು ಇನ್ನೊಬ್ಬರು ಎಂಬ ನಮ್ಮ ವೈವಾ (ಮೌಖಿಕ ಪರೀಕ್ಷೆ) ಕಾಲದ ಹಂಚಿಕೆ ಅಲ್ಲಿ ನಡೆಯದು. ಎಲ್ಲರೂ ಒಟ್ಟಿಗೆ ನಿಲ್ಲಬಹುದಾದ ಕಡೆಯೂ ಪ್ರಶ್ನೆ ಬಂದಾಗ ಮೂವರು ನಾಲ್ಕನೆಯವರ ಮುಖ ನೋಡುವುದು ತೀರ್ಪುಗಾರರ ಕಣ್ಣು ತಪ್ಪುವುದಿಲ್ಲ. ಎರವಲು ತಂದದ್ದನ್ನೂ ಮೊದಲೇ ಹೇಳಿಬಿಡುವುದು ಜಾಣತನ: ಮಾದರಿಯ ರಚನೆ ಯಾರದ್ದು, ದತ್ತಾಂಶ ಯಾರದ್ದು, ಮುಕ್ತ ಗ್ರಂಥಾಲಯದಿಂದಲೋ ಕೃತಕ ಬುದ್ಧಿಮತ್ತೆಯ ಸಹಾಯದಿಂದಲೋ ಬಂದ ಕೋಡ್ ಎಷ್ಟು, ಗೈಡ್ ಸೂಚಿಸಿದ್ದು ಏನು. ಇವನ್ನೆಲ್ಲ ಕಳೆದ ಮೇಲೆ ಉಳಿಯುವುದು ಚಿಕ್ಕದಾಗಿ ಕಂಡರೂ ಅದು ಸ್ವಂತದ್ದು. ಅದರ ಬಗ್ಗೆ ಎಷ್ಟು ಆಳಕ್ಕೆ ಕೇಳಿದರೂ ಹೇಳಲು ಮಾತಿರುತ್ತದೆ. ಗೊತ್ತಿಲ್ಲದ್ದನ್ನು ಕೇಳಿದಾಗ ‘ಅದನ್ನು ಅಳೆದಿಲ್ಲ ಸರ್, ಅಳೆಯಬೇಕಾದರೆ ಹೊಸಬರಿಂದ ಅದೇ ಹಾಳೆಯಲ್ಲಿ ಬರೆಸಿ, ಹಳೆಯ ಸ್ಕ್ಯಾನರಿನಲ್ಲೇ ತೆಗೆಯಬೇಕಾಗುತ್ತೆ’ ಎಂದು ಉತ್ತರಿಸಿದವರ ಅಂಕ ಕಡಿಮೆಯಾಗುವುದಿಲ್ಲ. ಪ್ರಯೋಗವನ್ನು ಹೇಗೆ ಹೂಡಬೇಕೆಂದು ಗೊತ್ತಿರುವುದೂ ತಿಳಿವಳಿಕೆಯೇ.

ಡೆಮೊ ತೋರಿಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಮತ್ತು ಅದಕ್ಕೆ ಗಟ್ಟಿಯಾದ ಪೂರ್ವನಿದರ್ಶನವೂ ಇದೆ. 1991ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ನಡೆದ ಹೈಪರ್‌ಟೆಕ್ಸ್ಟ್ (ಒಂದರಿಂದ ಇನ್ನೊಂದಕ್ಕೆ ಕೊಂಡಿಯಿರುವ ಪಠ್ಯ) ಸಮ್ಮೇಳನಕ್ಕೆ ಟಿಮ್ ಬರ್ನರ್ಸ್-ಲೀ ಮತ್ತು ರಾಬರ್ಟ್ ಕಾಯೋ ವರ್ಲ್ಡ್ ವೈಡ್ ವೆಬ್ ಕುರಿತು ಕಳುಹಿಸಿದ ಪ್ರಬಂಧವನ್ನು ಸಮಿತಿ ಒಪ್ಪಲಿಲ್ಲ. ಪ್ರಾತ್ಯಕ್ಷಿಕೆಗೆ ಮಾತ್ರ ಜಾಗ ಸಿಕ್ಕಿತು. ಹೋಟೆಲಿನಲ್ಲಿ ಇಂಟರ್ನೆಟ್ ಇರಲಿಲ್ಲ, ಸಭಾಂಗಣಕ್ಕೆ ಫೋನ್ ತಂತಿಯನ್ನು ಎಳೆಸಬೇಕಾಯಿತು. ಇಂದು ಸಮ್ಮೇಳನದ ವೈಫೈ ಇರುತ್ತದೆ, ಆದರೆ ಮುನ್ನೂರು ಜನರ ಫೋನುಗಳು ಒಟ್ಟಿಗೆ ಅದಕ್ಕೆ ಜೋತುಬಿದ್ದಾಗ ಕ್ಲೌಡಿನಲ್ಲಿಟ್ಟ ಮಾದರಿ ಉತ್ತರ ಕೊಡುವ ಹೊತ್ತಿಗೆ ಸಂದರ್ಶಕರು ಮುಂದಿನ ಬೋರ್ಡಿಗೆ ಹೋಗಿರುತ್ತಾರೆ. ಲ್ಯಾಪ್‌ಟಾಪಿನಲ್ಲೇ ಓಡುವ ಚಿಕ್ಕ ಡೆಮೊ, ಅದೂ ಕೈಕೊಟ್ಟರೆ ಮೊದಲೇ ಚಿತ್ರೀಕರಿಸಿಟ್ಟ ಅರ್ಧ ನಿಮಿಷದ ವಿಡಿಯೊ, ಒಂದು ಎಕ್ಸ್‌ಟೆನ್ಶನ್ ಬಾಕ್ಸು, ಇಷ್ಟಿದ್ದರೆ ನಡೆಯುತ್ತದೆ. ಅಂಕಿ ಗುರುತಿಸುವ ಕೆಲಸವಾದರೆ ಬಂದವರ ಕೈಗೆ ಪೆನ್ನು ಕೊಟ್ಟು ಬರೆಸುವುದು ಎಲ್ಲಕ್ಕಿಂತ ಚೆನ್ನ. ಆದರೆ ಯಂತ್ರ ಅವರ ೭ನ್ನು ೩ ಎಂದು ಓದಿದಾಗ ನಾಚಿಕೊಂಡು ‘ಇನ್ನೊಮ್ಮೆ ಬರೆಯಿರಿ’ ಎನ್ನಬಾರದು. ಆ ತಪ್ಪೇ ಪೋಸ್ಟರಿನ ವಿಷಯ. ಕೋಷ್ಟಕದಲ್ಲಿ ಅದರ ಮನೆಯನ್ನು ತೋರಿಸಿ, ಅವರು ಬರೆದ ಹಾಳೆಯನ್ನು ಎತ್ತಿಟ್ಟುಕೊಳ್ಳಬೇಕು.

ಹಾಗೆ ಎತ್ತಿಟ್ಟುಕೊಳ್ಳಲೆಂದೇ ಬೋರ್ಡಿನ ಕೆಳಗೆ ಒಂದು ನೋಟ್‌ಬುಕ್ ಇರಬೇಕು. ಗೋಷ್ಠಿ ನಡೆಯುವ ಒಂದೆರಡು ಗಂಟೆಗಳಲ್ಲಿ ಹತ್ತಾರು ಜನ ಬಂದು ಹೋಗುತ್ತಾರೆ, ಯಾರು ಏನು ಕೇಳಿದರೆಂಬುದು ಊಟದ ಹೊತ್ತಿಗೇ ಮರೆತಿರುತ್ತದೆ. ಪ್ರಶ್ನೆಯನ್ನು ಅವರದೇ ಮಾತಿನಲ್ಲಿ, ತಾನು ಕೊಟ್ಟ ಉತ್ತರವನ್ನೂ ಅದರ ಕೆಳಗೆ ಎರಡೇ ಸಾಲಿನಲ್ಲಿ ಬರೆದಿಟ್ಟುಕೊಂಡವರಿಗೆ, ಪೋಸ್ಟರನ್ನು ಸುತ್ತಿ ಕೊಳವೆಯೊಳಗೆ ತೂರಿಸುವ ಹೊತ್ತಿಗೆ ಎರಡು ಪಟ್ಟಿಗಳು ಸಿದ್ಧವಾಗಿರುತ್ತವೆ. ಮೂರು ಜನ ಬೇರೆ ಬೇರೆಯಾಗಿ ಕೇಳಿದ ಒಂದೇ ಪ್ರಶ್ನೆ ಪೋಸ್ಟರಿನಲ್ಲಿ ಏನೋ ಸ್ಪಷ್ಟವಾಗಿಲ್ಲವೆಂಬುದರ ಗುರುತು. ಅದರ ಉತ್ತರ ವರದಿಯ ಮೊದಲ ಪುಟಕ್ಕೆ ಹೋಗಬೇಕು. ಒಬ್ಬರೇ ಕೇಳಿದ, ಉತ್ತರ ತೋಚದೆ ‘ಅಳೆದಿಲ್ಲ’ ಎಂದು ಬರೆದುಕೊಂಡ ಪ್ರಶ್ನೆಯನ್ನು ಮಾತ್ರ ಮಾರನೆಯ ದಿನ ಬೆಳಿಗ್ಗೆ ಗೈಡ್ ಮುಂದೆ ಇಡಬೇಕು.